ಮೋಲ್ ಲೆಕ್ಕಕ್ಕೆ ಬಂದ ಮುಯ್ಯಾಳು

ಸಿಇಟಿಗೆ ಇನ್ನು ಒಂದು ತಿಂಗಳೂ ಉಳಿದಿರಲಿಲ್ಲ, ನನಗೆ ಕೆಮಿಸ್ಟ್ರಿಯ ಮೊದಲ ಪಾಠವೇ ಬರುತ್ತಿರಲಿಲ್ಲ. ಕೊನೆಯ ಪಾಠ ಬಾರದಿದ್ದರೆ ಜನ ಪಾಪ ಅನ್ನುತ್ತಾರೆ, ಸಮಯ ಸಾಕಾಗಲಿಲ್ಲವೇನೋ ಎನ್ನುತ್ತಾರೆ. ಮೊದಲ ಪಾಠವೇ ಬಾರದವಳಿಗೆ ಏನು ಅನ್ನಬೇಕು? ಫಸ್ಟ್ ಪಿಯುಸಿ ಪುಸ್ತಕದ ಬಾಗಿಲಲ್ಲೇ ಕೂತಿರುವ ಲೆಕ್ಕ ಅದು, ಸ್ಟಾಯ್ಕಿಯೊಮೆಟ್ರಿ. ಯಾವ ವಸ್ತು ಎಷ್ಟಕ್ಕೆ ಯಾವ ವಸ್ತು ಎಷ್ಟು ಸೇರಿದರೆ ಏನು ಎಷ್ಟು ಹುಟ್ಟುತ್ತದೆ ಎನ್ನುವುದು. ಕೇಳಿದರೆ ಅಂಗಡಿ ಲೆಕ್ಕ ಅನ್ನಿಸುತ್ತದೆ. ಹತ್ತನೇ ತರಗತಿಯವರೆಗೆ ಸೊರಬದಲ್ಲಿ ಕನ್ನಡದಲ್ಲೇ ಓದಿ ಶಿಕಾರಿಪುರದ ಪಿಯು ಕಾಲೇಜು ಸೇರಿದ್ದ ನಾನು, ಆ ಹೆಸರನ್ನು ಸರಿಯಾಗಿ ಉಚ್ಚರಿಸಲು ಕಲಿತ ದಿನವೇ ಪಾಠವೂ ಬಂತು ಎಂದುಕೊಂಡು ಮುಂದಕ್ಕೆ ಹೋಗಿಬಿಟ್ಟಿದ್ದೆ.

ಮುಂದೆ ಹೋದರೆ ಅಲ್ಲೂ ಅದೇ ಇತ್ತು. ದ್ರಾವಣಗಳ ಪಾಠದಲ್ಲಿ ಮೋಲ್, ಅನಿಲಗಳ ಪಾಠದಲ್ಲಿ ಮೋಲ್, ಬ್ಯಾಟರಿಯ ಪಾಠದಲ್ಲೂ ಮೋಲ್. ಮೋಲ್ ಎಂದರೆ ಕಣಗಳನ್ನು ಎಣಿಸುವ ಒಂದು ಭಾರೀ ಡಜನ್ ಎಂದು ನಮ್ಮ ಲೆಕ್ಚರರ್ ಹೇಳಿದ್ದರು. ಅದನ್ನು ಬರೆದುಕೊಂಡಿದ್ದೆ, ಬಾಯಿಪಾಠವೂ ಮಾಡಿದ್ದೆ. ಬೋರ್ಡ್ ಪರೀಕ್ಷೆಯಲ್ಲಿ ಬಾಯಿಪಾಠ ಕೈಹಿಡಿಯುತ್ತದೆ. ಸಿಇಟಿಯಲ್ಲಿ ನಾಲ್ಕು ಉತ್ತರ ಕೊಟ್ಟು ಒಂದನ್ನು ಆರಿಸು ಎನ್ನುತ್ತಾರೆ, ಮತ್ತು ನಾನು ಮಾಡುವ ತಪ್ಪು ಏನು ಬರುತ್ತದೆಂದು ಅವರಿಗೆ ಮೊದಲೇ ಗೊತ್ತಿರುತ್ತದೆ. ನನ್ನ ತಪ್ಪು ಉತ್ತರವನ್ನು ಸೊಗಸಾಗಿ ಬಿ ಎಂದೋ ಸಿ ಎಂದೋ ಅಚ್ಚು ಹಾಕಿಸಿ ಕಾಯುತ್ತಿರುತ್ತಾರೆ.

ನನ್ನ ತಂದೆ ಸೊರಬದ ಬಸ್ ಸ್ಟ್ಯಾಂಡಿನ ಹತ್ತಿರ ಗೊಬ್ಬರ, ಬೀಜ, ಔಷಧಿ ಮಾರುವ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾರೆ. ಅವರು ಮಾತು ಕಡಿಮೆ ಆಡುವವರು, ಆಡಿದ ಮಾತನ್ನು ಬದಲಿಸುವವರೂ ಅಲ್ಲ. ಪಿಯುಸಿಗೆ ಸೈನ್ಸ್ ತೆಗೆದುಕೊಳ್ಳುವಾಗಲೇ ಹೇಳಿಬಿಟ್ಟಿದ್ದರು: ಸಿಇಟಿ ಒಂದೇ ಸಲ. ರ್‍ಯಾಂಕ್ ಬಂದರೆ ಇಂಜಿನಿಯರಿಂಗ್, ಬರದಿದ್ದರೆ ಊರಲ್ಲೇ ಬಿ.ಕಾಂ. ಬಿ.ಕಾಂ. ಮಾಡಿದವರು ಯಾರೂ ಸತ್ತಿಲ್ಲ, ನನಗೂ ಗೊತ್ತು. ಆದರೆ ನನಗೆ ಎಲೆಕ್ಟ್ರಿಕಲ್ ಇಂಜಿನಿಯರ್ ಆಗಬೇಕಿತ್ತು. ಯಾಕೆಂದು ಕೇಳಿದರೆ ಚಂದದ ಉತ್ತರ ನನ್ನಲ್ಲಿ ಇಲ್ಲ. ಚಿಕ್ಕವಳಿದ್ದಾಗ ಲೈನ್‌ಮನ್ ಕಂಬ ಹತ್ತಿದರೆ ಬೀದಿಯ ಮಕ್ಕಳೆಲ್ಲ ಅವನನ್ನು ನೋಡುತ್ತಿದ್ದರು, ನಾನು ಟ್ರಾನ್ಸ್‌ಫಾರ್ಮರ್ ನೋಡುತ್ತಿದ್ದೆ. ಅಷ್ಟೇ. ಆಸೆ ಹುಟ್ಟಲು ಅಷ್ಟು ಸಾಕಾಗಿತ್ತು.

ಹೆದರಿಕೆ ನನಗೆ ಬೆಳಿಗ್ಗೆಯೇ ಶುರುವಾಗುತ್ತಿತ್ತು. ಅವಲಕ್ಕಿಯ ತಟ್ಟೆ ಮುಂದೆ ಇಟ್ಟುಕೊಂಡು ತಿನ್ನದೆ ಕೂರುತ್ತಿದ್ದೆ. ಅಮ್ಮ ಉಪ್ಪು ಕಡಿಮೆಯಾಯಿತೇ ಎಂದು ಕೇಳುತ್ತಿದ್ದಳು. ಲೆಕ್ಕ ಒಂದೂ ಬಾರದಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ, ಬಿಟ್ಟುಬಿಡಬಹುದಿತ್ತು. ನನ್ನ ಕಷ್ಟ ಬೇರೆ. ಒಂದೇ ಥರದ ಲೆಕ್ಕಗಳನ್ನು ಸಾಲಾಗಿ ಮಾಡಿದರೆ ಕೆಲವು ಸರಿ ಬರುತ್ತಿದ್ದವು, ಕೆಲವು ತಪ್ಪುತ್ತಿದ್ದವು. ಸರಿಯಾದದ್ದು ಯಾಕೆ ಸರಿಯಾಯಿತು ಎನ್ನುವುದು ಗೊತ್ತಿಲ್ಲ, ತಪ್ಪಿದ್ದು ಯಾಕೆ ತಪ್ಪಿತು ಎನ್ನುವುದೂ ಗೊತ್ತಿಲ್ಲ. ಹುಚ್ಚು ನಾಯಿ ಇರುವ ಬೀದಿಯಲ್ಲಿ ದಿನಾ ಓಡಾಡಿದ ಹಾಗೆ. ಇವತ್ತು ಕಚ್ಚಲಿಲ್ಲ ಎಂದು ಖುಷಿಪಡುವುದು ಹೇಗೆ?

ನನ್ನ ಗೆಳತಿ ಉಡುತಡಿಯವಳು. ಸೊರಬದಿಂದ ಶಿರಾಳಕೊಪ್ಪದ ಮೇಲೆ ಶಿಕಾರಿಪುರಕ್ಕೆ ಹೋಗುವ ಬಸ್ಸಿನಲ್ಲಿ ನಾನು ಮೊದಲೇ ಹತ್ತಿ ಅವಳಿಗೆ ಜಾಗ ಹಿಡಿಯುತ್ತಿದ್ದೆ, ಅವಳು ದಾರಿಯಲ್ಲಿ ಹತ್ತುತ್ತಿದ್ದಳು. ಎರಡು ವರ್ಷ ಹೀಗೇ ನಡೆಯಿತು. ಅವಳಿಗೆ ಕೆಮಿಸ್ಟ್ರಿ ನೀರು ಕುಡಿದಷ್ಟು ಸುಲಭ. ಗಣಿತ ಎಂದರೆ, ಅದರಲ್ಲೂ ಇಂಟಿಗ್ರೇಷನ್ ಎಂದರೆ, ಮುಖ ಸಪ್ಪಗಾಗುತ್ತಿತ್ತು. ನನ್ನದು ತಿರುಗಾಮುರುಗಾ. ಬೋರ್ಡ್ ಪರೀಕ್ಷೆ ಮುಗಿದ ದಿನ ಬಸ್ಸಿನಲ್ಲಿ ಕೂತು ಇಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ನಾನು ಅವಳಿಗೆ ಗಣಿತ ಹೇಳಿಕೊಡುವುದು, ಅವಳು ನನಗೆ ಕೆಮಿಸ್ಟ್ರಿ.

ಮನೆಗೆ ಬಂದು ಹೇಳಿದರೆ ಅಮ್ಮ ನಕ್ಕಳು. ಇದು ಮುಯ್ಯಿ ಅಲ್ವನೆ, ಇದಕ್ಕೆ ಒಪ್ಪಂದ ಎಂತಕ್ಕೆ ಅಂದಳು. ಅಮ್ಮನ ತವರು ಹೊಸಬಾಳೆ. ಅಲ್ಲಿ ನಾಟಿ ಹೊತ್ತಿಗೆ ಕೂಲಿಯವರು ಸಿಗದಾಗ ಒಬ್ಬರ ಗದ್ದೆಗೆ ಇನ್ನೊಬ್ಬರು ಹೋಗಿ ದುಡಿಯುತ್ತಾರೆ, ಅವರು ಮತ್ತೆ ಇವರ ಗದ್ದೆಗೆ ಬರುತ್ತಾರೆ. ದುಡ್ಡಿನ ಮಾತಿಲ್ಲ, ಆಳಿಗೆ ಆಳು. ಹಾಗೆ ಬಂದವರು ಮುಯ್ಯಾಳು. ಅದರ ಕಟ್ಟುಪಾಡುಗಳನ್ನೂ ಅಮ್ಮನೇ ಹೇಳಿದಳು. ಇವತ್ತು ಅರ್ಧ ಇಲ್ಲಿ, ನಾಳೆ ಅರ್ಧ ಅಲ್ಲಿ ಎಂದು ಮಾಡಬಾರದು. ಯಾರ ಗದ್ದೆಯಲ್ಲಿ ನೀರು ಬೇಗ ಇಳಿಯುತ್ತದೋ ಅವರದ್ದು ಮೊದಲು ಮುಗಿಸಿ ಆಮೇಲೆ ಇನ್ನೊಬ್ಬರದ್ದಕ್ಕೆ ಇಳಿಯಬೇಕು. ನನ್ನ ಗದ್ದೆಯಲ್ಲಿ ನೀರು ಎಂದೋ ಇಳಿದುಹೋಗಿತ್ತು. ಹಾಗಾಗಿ ಮೊದಲು ನನ್ನ ಕೆಮಿಸ್ಟ್ರಿ, ಆಮೇಲೆ ಅವಳ ಗಣಿತ ಎಂದು ತೀರ್ಮಾನವಾಯಿತು. ಗೆಳತಿ ಒಪ್ಪಿಕೊಂಡಳು.

ಅವಳು ಬೆಳಿಗ್ಗೆ ಬಸ್ಸಿಗೆ ಸೊರಬಕ್ಕೆ ಬಂದು ಸಂಜೆ ಹೋಗುತ್ತಿದ್ದಳು. ಹೇಳಿಕೊಡುವಾಗ ಎಲ್ಲ ಸಲೀಸು. ಅವಳ ಬೆರಳು ಹೋದ ಕಡೆ ನನ್ನ ಕಣ್ಣು ಹೋಗುತ್ತಿತ್ತು, ಇಲ್ಲಿ ಭಾಗಿಸು ಅಂದರೆ ಭಾಗಿಸುತ್ತಿದ್ದೆ, ಅಲ್ಲಿ ಗುಣಿಸು ಅಂದರೆ ಗುಣಿಸುತ್ತಿದ್ದೆ. ಅವಳು ಬಸ್ಸು ಹತ್ತಿದ ಮೇಲೆ ಅದೇ ಲೆಕ್ಕ ಒಬ್ಬಳೇ ಮಾಡಲು ಕೂತರೆ ಕೈ ನಿಲ್ಲುತ್ತಿತ್ತು. ಅಲ್ಲಿ ಯಾಕೆ ಭಾಗಿಸಿದ್ದು? ಕೇಳಲು ನಾಚಿಕೆ. ಇಷ್ಟು ದೂರ ಬಂದು ಬಿಸಿಲಲ್ಲಿ ಬೆವರು ಒರೆಸಿಕೊಂಡು ಹೇಳಿಕೊಡುವವಳ ಎದುರು ಗೊತ್ತಾಯಿತು ಎಂದು ತಲೆಯಾಡಿಸುವುದೇ ಮರ್ಯಾದೆ ಎಂದುಕೊಂಡಿದ್ದೆ.

ಲಿಮಿಟಿಂಗ್ ರಿಯೇಜೆಂಟ್ ಎನ್ನುವ ಭಾಗ ಬಾಕಿ ಇತ್ತು. ಎರಡು ವಸ್ತು ಸೇರಿಸಿದಾಗ ಯಾವುದು ಮೊದಲು ಮುಗಿದುಹೋಗುತ್ತದೆ, ಯಾವುದು ಮಿಗುತ್ತದೆ ಎಂದು ಕಂಡುಹಿಡಿಯುವುದು. ಎಲ್ಲಕ್ಕಿಂತ ಹೆಚ್ಚಾಗಿ ನಾನು ಎಡವುತ್ತಿದ್ದ ಜಾಗ ಅದೇ. ಮರುದಿನ ಅದನ್ನು ಶುರುಮಾಡುವುದಿತ್ತು. ಅವತ್ತು ಸಂಜೆ ಗೆಳತಿಯ ತಾಯಿ ಅಮ್ಮನಿಗೆ ಫೋನ್ ಮಾಡಿದರು. ಹುಡುಗಿಗೆ ಅಮ್ಮ ಬಂದಿದ್ದಾಳೆ, ಮೈತುಂಬಾ ಎದ್ದಿದೆ, ಜ್ವರ ಇದೆ ಅಂದರು. ಅಮ್ಮ ಅಂದರೆ ಸೀತಾಳೆ ಸಿಡುಬು, ನಮ್ಮ ಕಡೆ ಅದರ ಹೆಸರು ಹೇಳುವುದಿಲ್ಲ. ಕಣ್ಣಿಗೆ ಆಯಾಸವಾಗಬಾರದೆಂದು ಪುಸ್ತಕ ಮುಚ್ಚಿಸಿ, ಫೋನು ತೆಗೆದುಕೊಂಡು ಬೀರುವಿನಲ್ಲಿ ಇಟ್ಟಿದ್ದರು.

ಅವಳ ಬಗ್ಗೆ ಹೆದರಬೇಕೋ ನನ್ನ ಬಗ್ಗೆ ಹೆದರಬೇಕೋ ತಿಳಿಯಲಿಲ್ಲ, ಎರಡೂ ಒಟ್ಟಿಗೇ ಆಯಿತು. ಫೋನು ಹಿಡಿದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತೆ. ಯೂಟ್ಯೂಬಿನಲ್ಲಿ ಒಬ್ಬರು ಅದೇ ಪಾಠವನ್ನು ಇಂಗ್ಲಿಷಿನಲ್ಲಿ ಬಡಬಡ ಹೇಳುತ್ತಿದ್ದರು. ಅವರು ನಿಲ್ಲಿಸಿ ನಿಲ್ಲಿಸಿ ಈಸಿ ಅಲ್ವಾ ಎಂದು ಕೇಳುತ್ತಿದ್ದರು. ಅವರ ಮೇಲೆ ಬಂದ ಸಿಟ್ಟು ಈಗಲೂ ಪೂರ್ತಿ ಹೋಗಿಲ್ಲ.

ಮರುದಿನ ಬೆಳಿಗ್ಗೆ ನಮ್ಮ ಮನೆಯ ಮುಂದೆ ಒಂದು ಹಳೆಯ ಬೈಕು ನಿಂತಿತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಬಟ್ಟೆಯ ಚೀಲ. ಗೆಳತಿಯ ತಂದೆ. ಅವರನ್ನು ಬಸ್ ನಿಲ್ಲುವಲ್ಲಿ ಒಂದೆರಡು ಬಾರಿ ನೋಡಿದ್ದೆ, ಅವಳ ಓರಗೆಯವರೆಲ್ಲ ಕರೆಯುವಂತೆ ನಾನೂ ಕಾಕ ಅನ್ನುತ್ತಿದ್ದೆ. ಅವಳಿಗೆ ಏನಾದರೂ ಆಗಿಹೋಯಿತೇನೋ ಎಂದುಕೊಂಡೆ. ಅವರು ಮೆಟ್ಟಿಲ ಕೆಳಗೇ ನಿಂತರು. ಅಮ್ಮ ಬಂದಿರುವ ಮನೆಯಿಂದ ಬಂದವರು ಇನ್ನೊಬ್ಬರ ಮನೆಯೊಳಗೆ ಕಾಲಿಡುವುದಿಲ್ಲ. ನೀರು ಕೊಡಲು ಹೋದರೆ ತಾನೇ ತಂದಿದ್ದೇನೆಂದು ಬಾಟಲಿ ತೋರಿಸಿದರು. ಚೀಲದಿಂದ ಮಗಳ ಕೆಮಿಸ್ಟ್ರಿ ನೋಟ್ಸ್ ತೆಗೆದು, ಕೆಳಗಿನ ಮೆಟ್ಟಿಲ ಧೂಳು ಹೊಡೆದು ಕೂತರು.

“ಅಕಿಗೆ ಬರಾಕ ಆಗಂಗಿಲ್ಲ. ಮುಯ್ಯಿ ಅಂದ್ಮ್ಯಾಲೆ ಆಳು ತಪ್ಪಬಾರದು. ನಾ ಬಂದೀನಿ.”

ಅಮ್ಮ ಒಳಗಿನಿಂದ ಇದನ್ನು ಕೇಳಿಸಿಕೊಂಡಳು. ಅವಳಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಮುಯ್ಯಾಳಿಗೆ ಹುಷಾರಿಲ್ಲದಿದ್ದರೆ ಆ ಮನೆಯಿಂದ ಇನ್ನೊಬ್ಬರು ಬರಬೇಕು, ಮಗಳು ಬಾರದಿದ್ದರೆ ತಾಯಿ, ತಾಯಿ ಬಾರದಿದ್ದರೆ ಮಾವ. ಹೊಸಬಾಳೆಯಲ್ಲಿ ನೂರು ಸಲ ಅವಳು ನೋಡಿದ್ದಾಳೆ. ನಾಟಿಗೆ ಅದು ಸರಿ, ಸಸಿ ನೆಡಲು ಯಾರಾದರೇನು. ಆದರೆ ಇದು ಸ್ಟಾಯ್ಕಿಯೊಮೆಟ್ರಿ. ಕೆಮಿಸ್ಟ್ರಿ ಗೊತ್ತಾ ಕಾಕ ಎಂದು ಮೆಲ್ಲಗೆ ಕೇಳಿದೆ. ಅವರು ಸಂಕೋಚವಿಲ್ಲದೆ ಹೇಳಿದರು: ತಾನೂ ಒಂದು ಕಾಲದಲ್ಲಿ ಶಿಕಾರಿಪುರದಲ್ಲಿ ಫಸ್ಟ್ ಪಿಯುಸಿ ಸೈನ್ಸ್ ಓದಿದವನು, ಕೆಮಿಸ್ಟ್ರಿಯಲ್ಲೇ ಫೇಲಾಗಿ ಹೊಲಕ್ಕೆ ಇಳಿದವನು. ನಿನ್ನೆ ಮಗಳು ಮಲಗಿದ್ದಲ್ಲಿಂದಲೇ ಒಂದಿಷ್ಟು ಹೇಳಿದ್ದಾಳೆ, ಬಾಕಿ ನೋಟ್ಸಿನಲ್ಲಿದೆ.

ನನಗೆ ಅಳು ಬಂತು. ಇದೇನು ನನ್ನ ಕರ್ಮ, ಪರೀಕ್ಷೆ ತಲೆಮೇಲೆ ಬಂದಿರುವಾಗ ಫೇಲಾದವರಿಂದ ಪಾಠ ಎಂದುಕೊಂಡೆ. ವಾಪಸ್ ಕಳಿಸುವುದು ಹೇಗೆ? ಸುಡುವ ಬಿಸಿಲಲ್ಲಿ ಬೈಕಿನಲ್ಲಿ ಬಂದಿದ್ದಾರೆ, ಮನೆಯಲ್ಲಿ ಮಗಳು ಬೇವಿನ ಸೊಪ್ಪಿನ ಮೇಲೆ ಮಲಗಿದ್ದಾಳೆ. ಅರ್ಧ ಗಂಟೆ ಕೂತು ಸಾಕು ಕಾಕ ಅಂದರಾಯಿತು ಎಂದು ಮೆಟ್ಟಿಲ ಮೇಲಿನ ತುದಿಯಲ್ಲಿ ಕೂತೆ. ಅವರು ಕೆಳಗಿನ ತುದಿಯಲ್ಲಿ.

ಅವರು ಕನ್ನಡಕ ಏರಿಸಿ ಓದಿದರು. ನೈಟ್ರೋಜನ್ ಒಂದು, ಹೈಡ್ರೋಜನ್ ಮೂರು, ಸೇರಿದರೆ ಅಮೋನಿಯ ಎರಡು. ಲೆಕ್ಕದಲ್ಲಿ ನೈಟ್ರೋಜನ್ ಇಪ್ಪತ್ತೆಂಟು ಗ್ರಾಂ ಕೊಟ್ಟಿದ್ದಾರೆ, ಹೈಡ್ರೋಜನ್ ಹತ್ತು ಗ್ರಾಂ. ಯಾವುದು ಮೊದಲು ಮುಗಿಯುತ್ತದೆ? ಸ್ವಲ್ಪ ಯೋಚಿಸಿ ಗಂಟಲು ಸರಿಮಾಡಿಕೊಂಡು ಪಾಠ ಶುರುಮಾಡಿದರು. ಒಂದಕ್ಕೆ ಮೂರು ಅಂದರೆ ಒಂದು ಕೆ.ಜಿ.ಗೆ ಮೂರು ಕೆ.ಜಿ., ಇಪ್ಪತ್ತೆಂಟು ಗ್ರಾಮಿಗೆ ಅದರ ಮೂರರಷ್ಟು ಹೈಡ್ರೋಜನ್ ಬೇಕು, ಇರುವುದು ಹತ್ತೇ, ಆದ್ದರಿಂದ ಹೈಡ್ರೋಜನ್ನೇ ಮೊದಲು ಖಾಲಿ. ಅಡಿಕೆಯ ಕೊಳೆರೋಗದ ಔಷಧಿಗೆ ಮೈಲುತುತ್ತ ಒಂದು ಕೆ.ಜಿ., ಸುಣ್ಣ ಒಂದು ಕೆ.ಜಿ. ಕಲಸುವುದಿಲ್ಲವೇ, ಹಾಗೆಯೇ ಇದೂ ಅಂದರು.

ತಪ್ಪು ಕಾಕ ಎಂದು ನನ್ನ ಬಾಯಿಂದ ತಾನಾಗಿ ಬಂತು. ಯಾಕೆ ತಪ್ಪು ಎಂದು ಅವರು ಕೇಳಿದರು. ಅದು ನನಗೂ ಗೊತ್ತಿರಲಿಲ್ಲ.

ಯಾಕೆಂದರೆ ಅದು ನನ್ನದೇ ತಪ್ಪು. ಅಕ್ಷರಶಃ ನನ್ನದೇ. ತೂಕದ ಅಂಗಡಿಯಲ್ಲಿ ಕೆಲಸ ಮಾಡುವವರ ಮಗಳು ನಾನು. ಮೈಲುತುತ್ತದ ಪೊಟ್ಟಣ, ಸುಣ್ಣದ ಚೀಲ, ಯೂರಿಯಾ, ಎಲ್ಲವೂ ನನಗೆ ಕೆ.ಜಿ.ಯಲ್ಲೇ ಗೊತ್ತು. ಒಂದಕ್ಕೆ ಮೂರು ಎಂದು ಎಲ್ಲಿ ಕಂಡರೂ ತಲೆಯೊಳಗೆ ಒಂದು ತಕ್ಕಡಿ ತಾನಾಗಿ ಏಳುತ್ತಿತ್ತು. ಗೆಳತಿ ಪಕ್ಕದಲ್ಲಿದ್ದಾಗ ಅವಳು ಹೇಳಿದಲ್ಲಿ ಭಾಗಿಸಿ ಬಚಾವಾಗುತ್ತಿದ್ದೆ, ಇಲ್ಲದಾಗ ತಕ್ಕಡಿ ಹಿಡಿಯುತ್ತಿದ್ದೆ. ಎರಡು ವರ್ಷ ನನ್ನೊಳಗೆ ಅಡಗಿದ್ದ ಕಳ್ಳ ಇನ್ನೊಬ್ಬರ ಬಾಯಿಂದ ಇಷ್ಟು ನಿರಾಳವಾಗಿ ಹೊರಗೆ ಬಂದಿದ್ದ.

ಉತ್ತರ ಹುಡುಕಲು ಹೊತ್ತು ಹಿಡಿಯಿತು. ಕಾಕ ಕಾಯುತ್ತ ಕೂತಿದ್ದರು, ಈಸಿ ಅಲ್ವಾ ಎನ್ನಲಿಲ್ಲ. ಕೊನೆಗೆ ಅಡುಗೆಮನೆಗೆ ಹೋಗಿ ಒಂದು ಲೋಟದಲ್ಲಿ ಸಾಸಿವೆ, ಒಂದು ಲೋಟದಲ್ಲಿ ಕಡಲೆಕಾಳು ತಂದೆ. ಎರಡೂ ಒಂದೇ ತೂಕ ಎಂದುಕೊಳ್ಳಿ ಕಾಕ, ಕಾಳು ಯಾವುದರಲ್ಲಿ ಹೆಚ್ಚು? ಸಾಸಿವೆಯಲ್ಲಿ, ಅದನ್ನು ಕೇಳಬೇಕಾ ಅಂದರು. ಈಗ ಒಂದು ಸಾಸಿವೆಗೆ ಒಂದು ಕಡಲೆ ಜೋಡಿ ಕಟ್ಟುತ್ತಾ ಹೋದರೆ? ಕಡಲೆ ಮುಗಿಯುತ್ತದೆ, ಸಾಸಿವೆ ರಾಶಿ ಹಾಗೇ ಇರುತ್ತದೆ ಅಂದರು. ಸಮೀಕರಣದಲ್ಲಿ ಬರೆದ ಒಂದು, ಮೂರು ಎಲ್ಲ ಕಾಳಿನ ಎಣಿಕೆ, ತೂಕ ಅಲ್ಲ. ಕೊಟ್ಟಿರುವುದು ಮಾತ್ರ ತೂಕ. ಅದಕ್ಕೇ ಮೊದಲು ತೂಕವನ್ನು ಒಂದೊಂದು ಕಾಳಿನ ಭಾರದಿಂದ ಭಾಗಿಸಿ ಎಣಿಕೆಗೆ ತರಬೇಕು. ಹೈಡ್ರೋಜನ್ ಸಾಸಿವೆಯ ಹಾಗೆ ಹಗುರ. ಅದರ ಒಂದು ಮೋಲ್ ಎರಡೇ ಗ್ರಾಂ, ಹತ್ತೇ ಗ್ರಾಂ ಆದರೂ ಎಣಿಕೆಯಲ್ಲಿ ಐದು ಮೋಲ್ ಇದೆ; ನೈಟ್ರೋಜನ್ ಇಪ್ಪತ್ತೆಂಟು ಗ್ರಾಂ ಅಂದರೆ ಒಂದೇ ಮೋಲ್, ಅದಕ್ಕೆ ಬೇಕಾದದ್ದು ಮೂರೇ. ಮುಗಿಯುವುದು ನೈಟ್ರೋಜನ್.

ಇದನ್ನೆಲ್ಲ ಹೇಳುತ್ತಾ ಹೋದ ಹಾಗೆ ನನಗೇ ಒಂದೊಂದಾಗಿ ಕಾಣಿಸತೊಡಗಿತು. ಭಾಗಿಸುವುದು ಯಾಕೆ ಎಂದು ನಾನೇ ಹೇಳುತ್ತಿದ್ದೆ. ಕಾಕ ಸುಮ್ಮನೆ ಒಪ್ಪುವವರಲ್ಲ. ಮೈಲುತುತ್ತ ಒಂದು ಕೆ.ಜಿ., ಸುಣ್ಣ ಒಂದು ಕೆ.ಜಿ., ಹಾಗಾದರೆ ಅದರ ಎಣಿಕೆ ಎಷ್ಟು ಎಂದು ಹಟ ಹಿಡಿದರು. ಮಾಡಿ ನೋಡಿದರೆ ಮೈಲುತುತ್ತ ನಾಲ್ಕು ಮೋಲ್, ಸುಣ್ಣ ಹದಿಮೂರಕ್ಕೂ ಮೇಲೆ. ಅವರ ಮುಖ ಗಂಭೀರವಾಯಿತು. ಇಷ್ಟು ವರ್ಷ ಸುಣ್ಣ ದಂಡ ಮಾಡಿದೆವಾ ಎಂದು ಕೇಳಿದರು. ಔಷಧಿ ಎಲೆಯನ್ನು ಸುಡಬಾರದೆಂದು ಸುಣ್ಣ ಮಿಗುವ ಹಾಗೇ ಹಾಕುವುದಂತೆ ಎಂದು ನಮ್ಮಪ್ಪ ಅಂಗಡಿಯಲ್ಲಿ ಹೇಳುವುದನ್ನು ಹೇಳಿ ಸಮಾಧಾನ ಮಾಡಿದೆ. ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ.

ಅರ್ಧ ಗಂಟೆ ಎಂದುಕೊಂಡಿದ್ದು ಮಧ್ಯಾಹ್ನದವರೆಗೆ ಹೋಯಿತು. ಮರುದಿನವೂ ಬಂದರು, ಅದರ ಮರುದಿನವೂ. ಬಂದು ನೋಟ್ಸ್ ತೆಗೆದು ಗಂಭೀರವಾಗಿ ತಪ್ಪು ಪಾಠ ಹೇಳುವುದು, ನಾನು ತಿದ್ದುವುದು, ಅವರು ಯಾಕೆ ಎಂದು ಕೇಳುವುದು. ಅಮ್ಮ ಒಳಗಿನಿಂದ, ಯಾರು ಯಾರಿಗೆ ಹೇಳಿಕೊಡ್ತಿರೋದು ಮಾರಾಯ್ತಿ ಎಂದು ಛೇಡಿಸಿದಳು. ಹೆದರಿಕೆ ಹೋಯಿತೇ ಅಂದರೆ ಇಲ್ಲ. ಬೆಳಿಗ್ಗೆ ಅವಲಕ್ಕಿ ತಟ್ಟೆಯಲ್ಲೇ ಉಳಿಯುತ್ತಿತ್ತು. ಆದರೆ ಈಗ ತಪ್ಪಿದರೆ ಎಲ್ಲಿ ತಪ್ಪಿದೆ ಎಂದು ಹುಡುಕಿ ತೆಗೆಯಲು ಬರುತ್ತಿತ್ತು.

ಅದರ ಜೊತೆಗೆ ಹೊಸದೊಂದು ಹೆದರಿಕೆ ಸೇರಿಕೊಂಡಿತು. ದಿನಗಳು ಎಲ್ಲವೂ ನನ್ನ ಗದ್ದೆಯಲ್ಲೇ ಮುಗಿಯುತ್ತಿದ್ದವು. ಅವಳ ಗಣಿತ ಹಾಗೇ ಬಿದ್ದಿತ್ತು. ನಾನೇ ಉಡುತಡಿಗೆ ಬಂದು ಬಾಗಿಲಾಚೆ ಕೂತು ಹೇಳಿಕೊಡಲೇ, ನನಗೆ ಚಿಕ್ಕವಳಿದ್ದಾಗಲೇ ಅಮ್ಮ ಬಂದು ಹೋಗಿದ್ದಾಳೆ ಎಂದು ಕಾಕನನ್ನು ಕೇಳಿದೆ. ನೀರು ಹಾಕುವವರೆಗೆ ಹೊರಗಿನವರು ಬರಬಾರದೆಂದು ಮನೆಯ ಹಿರಿಯರು ಹೇಳಿದ್ದಾರೆ, ಬೇಡವ್ವ ಅಂದರು. ನೀರು ಹಾಕುವುದೆಂದರೆ ಎಲ್ಲ ಒಣಗಿದ ಮೇಲೆ ಬೇವಿನ ನೀರಿನಲ್ಲಿ ಮೀಯಿಸಿ ಅಮ್ಮನನ್ನು ಕಳಿಸಿಕೊಡುವುದು. ಅದು ಯಾವಾಗ ಎಂದು ಕೇಳಿದಾಗಲೆಲ್ಲ ಅವರು ಬೈಕಿನ ಕೀ ತಿರುಗಿಸುತ್ತಾ ಇನ್ನೇನು ಎನ್ನುತ್ತಿದ್ದರು. ಪರೀಕ್ಷೆಗೆ ಅವಳು ಬರುತ್ತಾಳೋ ಇಲ್ಲವೋ ಎಂದು ಮಾತ್ರ ಕೇಳಲು ನನಗೆ ಧೈರ್ಯವಾಗಲಿಲ್ಲ.

ಆ ವರ್ಷ ನಮಗೆ ಮೊದಲ ದಿನ ಫಿಸಿಕ್ಸ್, ಕೆಮಿಸ್ಟ್ರಿ, ಮರುದಿನ ಗಣಿತ. ಶಿಕಾರಿಪುರದ ಪರೀಕ್ಷಾ ಕೇಂದ್ರದ ಗೇಟಿನಲ್ಲಿ ಅವಳು ತಲೆಗೆ ಸೆರಗಿನಂತೆ ದುಪಟ್ಟಾ ಹೊದ್ದು ತಂದೆಯ ಪಕ್ಕ ನಿಂತಿದ್ದಳು. ನೀರು ಹಾಕಿ ಒಂದೆರಡು ದಿನವಾಗಿತ್ತಷ್ಟೇ. ಮುಖದ ತುಂಬ ಕಪ್ಪು ಚುಕ್ಕೆಗಳು, ಕುತ್ತಿಗೆ ಸಣ್ಣಗಾಗಿತ್ತು. ನನ್ನ ಕೈ ಒಮ್ಮೆ ಒತ್ತಿದಳು. ಅವಳನ್ನು ಮೂಲೆಯ ಕೋಣೆಯಲ್ಲಿ ಬೇರೆ ಕೂರಿಸಿದರು.

ಕೆಮಿಸ್ಟ್ರಿ ಪೇಪರಿನಲ್ಲಿ ನಾನು ಹೆದರಿದ್ದ ಲೆಕ್ಕ ಬಂದೇ ಬಂತು. ತಕ್ಕಡಿ ಹಿಡಿದು ಮಾಡಿದರೆ ಬರುವ ಉತ್ತರ ಬಿ ಎಂದು ಅಚ್ಚಾಗಿ ಕಾಯುತ್ತಿತ್ತು. ಅದನ್ನು ಬಿಟ್ಟು ಭಾಗಿಸಿ ಎಣಿಕೆಗೆ ತಂದು ಮಾಡಿದೆ. ಸರಿಯಾದ ವೃತ್ತ ತುಂಬಿದ ಮೇಲೂ ನಂಬಿಕೆ ಬಾರದೆ ಮತ್ತೆ ಮಾಡಿ ನೋಡಿದೆ, ಅದೇ ಬಂತು.

ಹೊರಗೆ ಬಂದರೆ ಕಾಕ ಗೇಟಿನ ಹತ್ತಿರ ನೆರಳಿಲ್ಲದ ಕಡೆ ನಿಂತಿದ್ದರು. ಮಗಳು ಇನ್ನೂ ಬಂದಿರಲಿಲ್ಲ. ಎಣಿಕೆ ಲೆಕ್ಕ ಬಂತೇ ಎಂದು ಕೇಳಿದರು, ಬಂತು ಅಂದೆ. ಮಾಡಿದೆಯಾ ಎಂದು ಕೇಳಿದರು, ಮಾಡಿದೆ ಅಂದೆ. ಅವರು ತಲೆಯಾಡಿಸಿ ಮತ್ತೆ ಗೇಟಿನ ಕಡೆ ನೋಡತೊಡಗಿದರು. ಎಲ್ಲರೂ ಹೊರಟುಹೋದ ಮೇಲೆ ಅವಳು ಗೋಡೆ ಹಿಡಿದುಕೊಂಡು ಬಂದಳು. ಮೂವರೂ ಎದುರಿನ ಅಂಗಡಿಯಲ್ಲಿ ಕೂತು ಎಳನೀರು ಕುಡಿದೆವು. ಅವಳು ಅಲ್ಲಿ ಹೇಳಿದ್ದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕಾಕ ದಿನಾ ಸೊರಬದಿಂದ ಹೋದ ಮೇಲೆ ಸಂಜೆ ಅವಳ ಕೋಣೆಯ ಬಾಗಿಲಲ್ಲಿ ಕೂತು, ಅವತ್ತು ನಮ್ಮ ಮೆಟ್ಟಿಲ ಮೇಲೆ ನಡೆದದ್ದನ್ನೆಲ್ಲ ಅವಳಿಗೆ ಒಪ್ಪಿಸುತ್ತಿದ್ದರಂತೆ. ಪುಸ್ತಕ ಮುಟ್ಟಬಾರದೆಂದಿದ್ದರು, ಕೇಳಬಾರದೆಂದು ಯಾರೂ ಹೇಳಿರಲಿಲ್ಲವಲ್ಲ.

“ಅರ್ಧ ತಪ್ಪು ಹೇಳೋರು ಕಣೆ. ನಾ ಮಲಕ್ಕೊಂಡೇ ತಿದ್ದತಿದ್ದೆ. ಕೆಮಿಸ್ಟ್ರಿ ಪೂರ್ತಿ ಮಾಡೀನಿ ಇವತ್ತು.” ಆಮೇಲೆ ಎಳನೀರು ಕೆಳಗಿಟ್ಟು, “ನಾಳೆ ಇಂಟಿಗ್ರೇಷನ್ ಒಂದೂ ಬರಂಗಿಲ್ಲ,” ಅಂದಳು.

ಅದನ್ನು ಅವಳು ದೂರಿನಂತೆ ಹೇಳಲಿಲ್ಲ. ದೂರಿದ್ದರೆ ಒಳ್ಳೆಯದಿತ್ತು. ನನ್ನ ಊರಿನ ಬಸ್ಸು ಹೊರಡುವ ಹೊತ್ತಾಗಿತ್ತು. ನನಗೂ ನಾಳೆ ಅದೇ ಪರೀಕ್ಷೆ, ನನಗೂ ಒಂದೇ ಸಲ. ಮನೆಗೆ ಹೋಗಿ ಸೂತ್ರಗಳನ್ನು ಒಮ್ಮೆ ನೋಡಿಕೊಂಡು ಅಮ್ಮನ ಪಕ್ಕ ಮಲಗಬೇಕು ಅನ್ನಿಸುತ್ತಿತ್ತು. ಅಪ್ಪನಿಗೆ ಫೋನ್ ಮಾಡಿ ಇವತ್ತು ಉಡುತಡಿಯಲ್ಲಿ ಇರುತ್ತೇನೆ ಎಂದೆ. ನಿನ್ನ ಓದು ಎಂದು ಅವರು ಕೇಳಿದರು. ಅಲ್ಲೇ ಆಗುತ್ತದೆ ಅಪ್ಪ ಅಂದೆ. ನೋಡ್ಕೋ ಎಂದು ಮಾತ್ರ ಹೇಳಿ ಇಟ್ಟರು.

ಮುಂದೆ ಏನಾಯಿತೆಂದು ಈಗಲೇ ಹೇಳಿಬಿಡುತ್ತೇನೆ. ನಾನು ಇದನ್ನು ಬರೆಯುತ್ತಿರುವುದು ಇಂಜಿನಿಯರಿಂಗ್ ಹಾಸ್ಟೆಲಿನ ಮಂಚದ ಮೇಲೆ ಕೂತು. ನನಗೆ ಎಲೆಕ್ಟ್ರಿಕಲ್ಲೇ ಸಿಕ್ಕಿತು. ಅವಳ ರ್‍ಯಾಂಕ್ ನನಗಿಂತ ಬಹಳ ಹಿಂದೆ ಹೋಯಿತು, ಬೇಕೆಂದಿದ್ದ ಕಾಲೇಜು ಸಿಗಲಿಲ್ಲ, ಬೇರೆ ಊರಿನಲ್ಲಿ ಬೇರೊಂದು ಸಿಕ್ಕಿತು. ಆ ಸಂಜೆ ನಮಗೆ ಇದ್ಯಾವುದೂ ಗೊತ್ತಿರಲಿಲ್ಲ.

ಉಡುತಡಿಯ ಅವರ ಮನೆಯ ಪಡಸಾಲೆಯಲ್ಲಿ ಕೂತು ಶುರುಮಾಡಿದೆವು. ನಾನು ಬೇಗ ಬೇಗ ಹೇಳುತ್ತಿದ್ದೆ, ಹೇಳುತ್ತಲೇ ಗಡಿಯಾರ ನೋಡುತ್ತಿದ್ದೆ. ಸುಲಭದ ಸೂತ್ರಗಳನ್ನು ಅವಳು ಹಿಡಿದಳು. ಎರಡು ಪದಗಳ ಗುಣಾಕಾರ ಬಂದಾಗ ಮಾಡುವ ಬೈ ಪಾರ್ಟ್ಸ್ ವಿಧಾನಕ್ಕೆ ಬರುವ ಹೊತ್ತಿಗೆ ಅವಳ ಕಣ್ಣು ಮುಚ್ಚತೊಡಗಿತು. ನಾನು ಹೆಸರು ಹಿಡಿದು ಕರೆದೆ, ಭುಜ ಅಲುಗಿಸಿದೆ. ಇಷ್ಟು ದಿನ ಮಲಗಿ ಎದ್ದ ಮೈ, ಅವಳು ಅಲ್ಲೇ ಗೋಡೆಗೆ ಒರಗಿ ನಿದ್ದೆಹೋದಳು. ಅವಳ ತಾಯಿ ಬಂದು ಎಬ್ಬಿಸಿ ಒಳಗಿನ ಕೋಣೆಗೆ ಕರೆದುಕೊಂಡು ಹೋಗಿ ಮಲಗಿಸಿದರು. ನನ್ನ ಕೈಯಲ್ಲಿ ಪೆನ್ನು ಹಾಗೇ ಇತ್ತು. ಮುಖ್ಯವಾದದ್ದೆಲ್ಲ ಇನ್ನೂ ಬಾಕಿ. ಅವಳು ನನಗೆ ಕೊಟ್ಟ ದಿನಗಳಿಗೆ ನನ್ನಿಂದ ಒಂದು ಸಂಜೆಯನ್ನೂ ನೆಟ್ಟಗೆ ಕೊಡಲಾಗಲಿಲ್ಲ ಎಂದು ದುಃಖ ಉಕ್ಕಿ ಬಂತು. ಅಲ್ಲೇ ಅತ್ತುಬಿಟ್ಟೆ.

ಕಾಕ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದರು. ಬಂದು ಮಗಳು ಕೂತಿದ್ದ ಜಾಗದಲ್ಲೇ ಕಾಲು ಮಡಿಚಿ ಕೂತರು, ಕನ್ನಡಕ ಹಾಕಿಕೊಂಡರು.

“ಅಕಿ ಮಲಗ್ಲಿ. ನನಗ ಹೇಳವ್ವ. ನಾ ಬೆಳಿಗ್ಗೆ ಹೋಗ್ತಾ ದಾರ್‍ಯಾಗ ಅಕಿಗೆ ಹೇಳ್ತೀನಿ.”

ಅವರಿಗೆ ಇಂಟಿಗ್ರೇಷನ್ ಎಂದರೆ ಏನೆಂದೂ ಗೊತ್ತಿರಲಿಲ್ಲ, ಗೊತ್ತಾಗುವ ಹೊತ್ತೂ ಇರಲಿಲ್ಲ. ನಾನು ಕಣ್ಣು ಒರೆಸಿಕೊಂಡು ಹೇಳಿದೆ: ಮೊದಲನೆಯದನ್ನು ಹಾಗೇ ಇಡಿ, ಎರಡನೆಯದನ್ನು ಇಂಟಿಗ್ರೇಟ್ ಮಾಡಿ. ಆಮೇಲೆ ಮೈನಸ್. ಆಮೇಲೆ ಮೊದಲನೆಯದನ್ನು ಡಿಫರೆನ್ಷಿಯೇಟ್ ಮಾಡಿ, ಎರಡನೆಯದರ ಇಂಟಿಗ್ರಲ್‌ನಿಂದ ಗುಣಿಸಿ, ಒಟ್ಟನ್ನು ಮತ್ತೊಮ್ಮೆ ಇಂಟಿಗ್ರೇಟ್ ಮಾಡಿ. ಅವರು ತೊಡೆಯ ಮೇಲೆ ಬೆರಳು ಮಡಿಚುತ್ತಾ, ತುಟಿ ಅಲುಗಿಸುತ್ತಾ ಅದನ್ನು ಪೂರ್ತಿ ಒಪ್ಪಿಸಿದರು, ಅರ್ಥವಾಗದ ಮಂತ್ರವನ್ನು ಭಕ್ತಿಯಿಂದ ಹೇಳುವವರ ಹಾಗೆ. ಒಂದು ಕಡೆ ತಪ್ಪಿತು. ನಾನು ತಿದ್ದುವ ಮೊದಲೇ, ನಿದ್ದೆಹೋಗಿದ್ದಾಳೆ ಎಂದುಕೊಂಡಿದ್ದವಳ ಧ್ವನಿ ಒಳಗಿನ ಕತ್ತಲೆ ಕೋಣೆಯಿಂದ ಬಂತು.

“ಅಪ್ಪಾಜಿ, ಮೈನಸ್ ಬಿಟ್ರಿ.”

ಹೂಂ, ಮೈನಸ್ ಎಂದು ಕಾಕ ಮಡಿಚಿದ ಬೆರಳುಗಳನ್ನೆಲ್ಲ ಬಿಚ್ಚಿ, ಮತ್ತೆ ಮೊದಲಿನಿಂದ ಶುರುಮಾಡಿದರು. ಈ ಸಲ ಸ್ವಲ್ಪ ಗಟ್ಟಿಯಾಗಿ, ಒಳಗೆ ಕೇಳಿಸುವ ಹಾಗೆ.